ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ ಯಾಕೆ?

ಈ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯ್ತು. ಕೆಲಸ, ಮನೆ, ಮಗಳ ಪರೀಕ್ಷೆ... ಎಂದಿನ ನೆಪಗಳೇ, ಹೊಸದೇನೂ ಇಲ್ಲ :) ಇವತ್ತು ಬರೆಯೋಕೆ ಕೂತಿರೋದಕ್ಕೆ ಕಾರಣ ಒಂದು ಸಣ್ಣ ಜಗಳ.

ಹೋದ ವಾರ ನಮ್ಮ ತಂಡದ ಹುಡುಗನೊಬ್ಬ ಒಂದು ಡ್ರೈವರ್‌ನ ಕೋಡನ್ನು ನನಗೆ ನೋಡೋಕೆ ಕಳಿಸಿದ್ದ. ಒಳ್ಳೆ ಕೋಡು, ಅಚ್ಚುಕಟ್ಟಾಗಿತ್ತು. ಒಂದೇ ಒಂದು ಸಾಲು ಸೇರಿಸು ಅಂತ ವಾಪಸ್ ಕಳಿಸಿದೆ. ಹೊರಗಿನಿಂದ ಬರೋ ಫ್ಲ್ಯಾಗ್ಸ್ ಸಂಖ್ಯೆಯಲ್ಲಿ ನಮಗೆ ಗೊತ್ತಿಲ್ಲದ ಬಿಟ್ ಯಾವುದಾದ್ರೂ ಇದ್ರೆ ತಪ್ಪು ಅಂತ ಹೇಳಿ ಕರೆಯನ್ನು ತಿರಸ್ಕರಿಸಬೇಕು, ಅಷ್ಟೇ. ಹುಡುಗ ಒಪ್ಪಲಿಲ್ಲ. "ಸಾರ್, ಇರೋದೇ ಎರಡು ಬಿಟ್. ಮಿಕ್ಕ ಮೂವತ್ತಕ್ಕೆ ಅರ್ಥಾನೇ ಇಲ್ಲ. ಅರ್ಥ ಇಲ್ಲದ್ದನ್ನ ಯಾರು ಕಳಿಸ್ತಾರೆ? ಕಳಿಸಿದ್ರೂ ನಮಗೇನು ನಷ್ಟ?" ಅಂದ.

ಅರ್ಧ ಗಂಟೆ ವಾದ ಆಯ್ತು. ಕೊನೆಗೆ ನಾನು ಹಿರಿಯ ಅನ್ನೋ ಕಾರಣಕ್ಕೆ ಸೋತ ಮುಖ ಮಾಡ್ಕೊಂಡು ಆ ಸಾಲು ಸೇರಿಸಿದ. ನನಗೆ ಅದು ಸರಿ ಕಾಣಲಿಲ್ಲ. ಹಿರಿತನದಿಂದ ಗೆದ್ದ ವಾದ ಗೆದ್ದ ಹಾಗಲ್ಲ. ಅದಕ್ಕೇ ನನ್ನ ಕಾರಣಗಳನ್ನೆಲ್ಲ ಇಲ್ಲಿ ಬರೀತಿದ್ದೀನಿ. ಅವನೂ ಓದ್ತಾನೆ ಅಂತ ಗೊತ್ತು.

ಕಂಪ್ಯೂಟರ್ ನಿಮ್ಮ ಕಸುಬಲ್ಲದಿದ್ರೂ ಓದಿ, ಅಷ್ಟೇನೂ ಕಷ್ಟ ಇಲ್ಲ. ನಾವು ಬಳಸೋ ಪ್ರೋಗ್ರಾಮ್‌ಗಳು ಡಿಸ್ಕನ್ನಾಗಲಿ ನೆಟ್‌ವರ್ಕನ್ನಾಗಲಿ ನೇರವಾಗಿ ಮುಟ್ಟೋ ಹಾಗಿಲ್ಲ. ಆಪರೇಟಿಂಗ್ ಸಿಸ್ಟಮ್‌ನ ಒಳಮನೆ, ಅಂದ್ರೆ ಕರ್ನೆಲ್, ಅದನ್ನ ಕೇಳಬೇಕು. ಹೀಗೆ ಕೇಳೋದಕ್ಕೆ ಸಿಸ್ಟಮ್ ಕಾಲ್ ಅಂತಾರೆ. "ಈ ಫೈಲನ್ನ ತೆರೆದುಕೊಡು" ಅನ್ನೋದು ಒಂದು ಕರೆ, ಅದರ ಹೆಸರು ಓಪನ್. ಹೇಗೆ ತೆರೀಬೇಕು? ಓದೋಕೋ ಬರೆಯೋಕೋ, ಫೈಲ್ ಇಲ್ಲದಿದ್ರೆ ಹೊಸದಾಗಿ ಮಾಡಬೇಕೋ ಬೇಡವೋ? ಇಂಥ ಹೌದು-ಇಲ್ಲಗಳನ್ನೆಲ್ಲ ಒಂದೇ ಸಂಖ್ಯೆಯ ಬೇರೆ ಬೇರೆ ಬಿಟ್‌ಗಳಲ್ಲಿ ತುಂಬಿ ಕಳಿಸ್ತೀವಿ. ಅದೇ ಫ್ಲ್ಯಾಗ್ಸ್. 32 ಬಿಟ್‌ಗಳ ಸಂಖ್ಯೆ ಅಂದ್ರೆ 32 ಪ್ರಶ್ನೆಗಳಿಗೆ ಜಾಗ. ಕರೆ ಹುಟ್ಟಿದಾಗ ಮೂರೋ ನಾಲ್ಕೋ ಬಳಕೆಯಲ್ಲಿರುತ್ವೆ. ಉಳಿದವು ಮುಂದಿನ ಕಾಲಕ್ಕೆ ಅಂತ ಖಾಲಿ.

ಸರ್ಕಾರಿ ಅರ್ಜಿ ಫಾರಮ್ ನೆನಪು ಮಾಡ್ಕೊಳ್ಳಿ. ಕೆಳಗಡೆ ಒಂದಷ್ಟು ಖಾಲಿ ಚೌಕ ಇರುತ್ತೆ, ಏನೂ ಬರೆಯಬೇಡಿ ಅಂತ. ಯಾರೋ ಪೆನ್ನು ನಡೀತಿದ್ಯಾ ಅಂತ ನೋಡೋಕೆ ಅಲ್ಲೇ ಗೀಚಿರ್ತಾರೆ. ಒಬ್ಬ ಗುಮಾಸ್ತ "ಇಲ್ಲಿ ಯಾಕ್ರೀ ಗೀಚಿದ್ದೀರಿ, ಬೇರೆ ಫಾರಮ್ ತುಂಬಿ ತನ್ನಿ" ಅಂತಾನೆ. ಜನ ಬೈಕೊಳ್ತಾರೆ. ಇನ್ನೊಬ್ಬ "ಇರ್ಲಿ ಬಿಡಿ" ಅಂತ ತಗೋತಾನೆ. ಜನ ಹೊಗಳ್ತಾರೆ. ಹತ್ತು ವರ್ಷ ಕಳೆಯುತ್ತೆ. ಇಲಾಖೆಗೆ ಹೊಸ ಪ್ರಶ್ನೆ ಸೇರಿಸಬೇಕಾಗಿ, ಖಾಲಿ ಇರೋ ನಾಲ್ಕನೇ ಚೌಕಕ್ಕೆ ಅರ್ಥ ಕೊಡುತ್ತೆ: ಇಲ್ಲಿ ಗುರುತು ಇದ್ರೆ ಅರ್ಜಿದಾರರಿಗೆ ಸಹಾಯಧನ ಬೇಡ. ಮುಂದೇನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಎರಡನೇ ಗುಮಾಸ್ತನ ಕೌಂಟರಲ್ಲಿ ಪೆನ್ನು ಪರೀಕ್ಷೆ ಮಾಡಿದವರೆಲ್ಲ ಸಹಾಯಧನ ಬಿಟ್ಟುಕೊಟ್ಟ ಉದಾರಿಗಳಾಗಿಬಿಡ್ತಾರೆ!

ನಮ್ಮ ಹುಡುಗ ಬರೆದಿದ್ದು ಎರಡನೇ ಗುಮಾಸ್ತನ ಕೋಡು. ಅವನನ್ನ ಬೈಯೋಕೆ ನನಗೆ ಹಕ್ಕಿಲ್ಲ. ಯಾಕಂದ್ರೆ ಯೂನಿಕ್ಸ್ ವಂಶದ ಎಷ್ಟೋ ಹಳೇ ಕರೆಗಳು ಹಾಗೇ ಇವೆ, ಲಿನಕ್ಸಿನ ಓಪನ್ ಇವತ್ತಿಗೂ ಹಾಗೇ ಇದೆ. ಗೊತ್ತಿಲ್ಲದ ಬಿಟ್ ಕೊಟ್ರೆ ಏನೂ ಆಗಿಲ್ಲವೇನೋ ಅನ್ನೋ ಹಾಗೆ ಫೈಲ್ ತೆರೆದು ಕೊಡುತ್ತೆ.

ಅದರಿಂದ ಏನಾಯ್ತು ನೋಡಿ. 2007ರಲ್ಲಿ ಲಿನಕ್ಸ್ 2.6.23ರ ಜೊತೆ ಓ-ಕ್ಲೋಎಕ್ಸೆಕ್ ಅನ್ನೋ ಹೊಸ ಫ್ಲ್ಯಾಗ್ ಬಂತು. ನಾನು ಬೇರೆ ಪ್ರೋಗ್ರಾಮನ್ನ ಶುರು ಮಾಡಿದಾಗ ನನ್ನ ಈ ತೆರೆದ ಫೈಲ್ ಅದರ ಕೈಗೆ ಹೋಗಬಾರದು ಅನ್ನೋದು ಅದರ ಅರ್ಥ. ಮೊದಲು ಇದನ್ನ ಎರಡು ಹೆಜ್ಜೆಯಲ್ಲಿ ಮಾಡಬೇಕಿತ್ತು, ಫೈಲ್ ತೆರೆದು ಆಮೇಲೆ ಗುರುತು ಹಾಕೋದು. ಆ ಎರಡರ ನಡುವಿನ ಸಂದಿಯಲ್ಲಿ ಇನ್ನೊಂದು ಥ್ರೆಡ್ ಹೊಸ ಪ್ರೋಗ್ರಾಮ್ ಶುರು ಮಾಡಿಬಿಟ್ರೆ ಫೈಲ್ ಸೋರಿ ಹೋಗ್ತಿತ್ತು. ಅಂದ್ರೆ ಇದು ಭದ್ರತೆಯ ವಿಷಯ. ಆದ್ರೆ 2.6.23ಕ್ಕಿಂತ ಹಳೇ ಕರ್ನೆಲ್ ಈ ಬಿಟ್ ನೋಡಿ ಏನು ಮಾಡುತ್ತೆ? ಏನೂ ಮಾಡಲ್ಲ. ಫೈಲ್ ತೆರೆಯುತ್ತೆ, ಗುರುತು ಹಾಕಲ್ಲ, ಯಶಸ್ಸು ಅಂತ ಹೇಳುತ್ತೆ. ಕೇಳಿದವನಿಗೆ ಕಾವಲು ಇದೆ ಅನ್ನೋ ನಂಬಿಕೆ, ಬಾಗಿಲು ಮಾತ್ರ ತೆರೆದೇ ಇದೆ.

ಪೈಥಾನ್ ಭಾಷೆಯವರು 2014ರಲ್ಲಿ 3.4ನೇ ಆವೃತ್ತಿ ತಂದಾಗ, ತೆರೆದ ಫೈಲ್‌ಗಳು ತಾವಾಗಿ ಮಕ್ಕಳಿಗೆ ಹೋಗಬಾರದು ಅಂತ ನಿಯಮ ಮಾಡಿದ್ರು. ಅವರು ಈ ಫ್ಲ್ಯಾಗ್ ಕೊಟ್ಟು ಸುಮ್ಮನಾಗೋ ಹಾಗಿರಲಿಲ್ಲ. ತೆರೆದ ಮೇಲೆ ಗುರುತು ನಿಜವಾಗಿಯೂ ಬಿದ್ದಿದ್ಯಾ ಅಂತ ಇನ್ನೊಂದು ಕರೆ ಮಾಡಿ ನೋಡಬೇಕಾಯ್ತು. ಫ್ಲ್ಯಾಗ್ ಬಂದು ಏಳು ವರ್ಷ ಆದ ಮೇಲೂ! ಕರ್ನೆಲ್ ಒಂದು ಮಾತು "ನಂಗೆ ಗೊತ್ತಿಲ್ಲಪ್ಪ" ಅಂದಿದ್ರೆ ಈ ಪತ್ತೇದಾರಿಕೆ ಬೇಕಿರಲಿಲ್ಲ.

ಇದಕ್ಕಿಂತ ಮಜಾ ಇರೋದು ಓ-ಟೆಂಪ್‌ಫೈಲ್ ಕಥೆ. 2013ರಲ್ಲಿ ಲಿನಕ್ಸ್ 3.11ರಲ್ಲಿ ಬಂತು. ಹೆಸರೇ ಇಲ್ಲದ ತಾತ್ಕಾಲಿಕ ಫೈಲ್ ಮಾಡಿಕೊಡೋದು ಅದರ ಕೆಲಸ. ಹಳೇ ಕರ್ನೆಲ್‌ಗಳು ಗೊತ್ತಿಲ್ಲದ ಬಿಟ್‌ಗೆ ಕಿವುಡಾಗ್ತವೆ ಅಂತ ಗೊತ್ತಿದ್ದ ಜನ ಒಂದು ಉಪಾಯ ಹೂಡಿದ್ರು. ಹೊಸ ಬಿಟ್ ಜೊತೆಗೆ "ಇದು ಡೈರೆಕ್ಟರಿಯೇ ಆಗಿರಬೇಕು" ಅನ್ನೋ ಹಳೇ ಬಿಟ್ಟನ್ನೂ ಸೇರಿಸಿ ಒಂದೇ ಫ್ಲ್ಯಾಗ್ ಮಾಡಿದ್ರು. ಬರೆಯೋಕೆ ತೆರೀತಿದ್ದೀನಿ ಅಂತ ಹೇಳೋದನ್ನೂ ಕಡ್ಡಾಯ ಮಾಡಿದ್ರು. ಹಳೇ ಕರ್ನೆಲ್ ಹೊಸ ಬಿಟ್ಟನ್ನ ಬಿಟ್ಟು ಮಿಕ್ಕಿದ್ದನ್ನ ಓದಿದಾಗ ಅದಕ್ಕೆ ಕಾಣೋದು "ಈ ಡೈರೆಕ್ಟರಿಯನ್ನ ಬರೆಯೋಕೆ ತೆರೆ" ಅಂತ. ಅದು ಯಾವ ಕಾಲದಲ್ಲೂ ಆಗದ ಕೆಲಸ, ಹಾಗಾಗಿ ತಪ್ಪು ಅಂತ ಹೇಳಲೇಬೇಕು. ಬಾಯಿ ಬಿಡದವನ ಕೈಲಿ ಬಾಯಿ ಬಿಡಿಸಿದ ಹಾಗೆ! ಬುದ್ಧಿವಂತಿಕೆಗೆ ಒಂದು ಚಪ್ಪಾಳೆ. ಆದ್ರೆ ಇಂಥ ಬುದ್ಧಿವಂತಿಕೆ ಬೇಕಾಗಿದ್ದು ಯಾಕೆ ಅಂತ ಯೋಚಿಸಿದ್ರೆ ಬೇಜಾರಾಗುತ್ತೆ.

ಎಮ್‌ಮ್ಯಾಪ್ ಅನ್ನೋ ಕರೆಯದ್ದೂ ಇದೇ ಗೋಳು. ಅದರಲ್ಲಿ ಹಂಚಿಕೆಯ ನಕ್ಷೆಗೆ 1, ಖಾಸಗಿಗೆ 2 ಅನ್ನೋ ಬಗೆ-ಸಂಖ್ಯೆ ಕೊಡಬೇಕು. ಬೇರೆ ಸಂಖ್ಯೆ ಕೊಟ್ರೆ ತಪ್ಪು ಅಂತ ಹಳೇ ಕರ್ನೆಲ್ ಕೂಡ ಹೇಳ್ತಿತ್ತು. ಆದ್ರೆ ಅದರಾಚೆಯ ಗೊತ್ತಿಲ್ಲದ ಫ್ಲ್ಯಾಗ್‌ಗಳಿಗೆ ಮಾತ್ರ ಮೌನ. ಕರೆಂಟ್ ಹೋದ್ರೂ ಮಾಹಿತಿ ಉಳಿಸಿಕೊಳ್ಳೋ ಮೆಮೊರಿ ಬಂದಾಗ ಮ್ಯಾಪ್-ಸಿಂಕ್ ಅನ್ನೋ ಫ್ಲ್ಯಾಗ್ ಬೇಕಾಯ್ತು. ಇದನ್ನ ಕರ್ನೆಲ್ ಸುಮ್ಮನೆ ನುಂಗಿಬಿಟ್ರೆ, ನನ್ನ ಮಾಹಿತಿ ಭದ್ರ ಅಂತ ಪ್ರೋಗ್ರಾಮ್ ನಂಬಿಕೊಂಡಿರುತ್ತೆ, ಕರೆಂಟ್ ಹೋದಾಗ ಗೊತ್ತಾಗುತ್ತೆ ನಿಜ. ಅದಕ್ಕೇ 2018ರ ಜನವರಿಯಲ್ಲಿ ಬಂದ 4.15ರಲ್ಲಿ 3 ಅನ್ನೋ ಹೊಸ ಬಗೆ ಸೇರಿಸಿದ್ರು. ಅರ್ಥ: ಹಂಚಿಕೆಯ ನಕ್ಷೆಯೇ, ಆದ್ರೆ ದಯವಿಟ್ಟು ಫ್ಲ್ಯಾಗ್‌ಗಳನ್ನ ಪರೀಕ್ಷೆ ಮಾಡು. ಹಳೇ ಕರ್ನೆಲ್ ತಪ್ಪು ಅಂತ ಹೇಳ್ತಿದ್ದ ಒಂದೇ ಒಂದು ಜಾಗ ಇತ್ತಲ್ಲ, ಅದೇ ಎಲ್ಲರನ್ನೂ ಕಾಪಾಡಿತು. ನನ್ನ ವಾದದ ತಿರುಳೇ ಇದು. ಯಾವತ್ತೋ ಯಾರೋ ಬರೆದ ಒಂದು ಸಾಲಿನ ಪರೀಕ್ಷೆ ವರ್ಷಗಳ ನಂತರ ಇನ್ಯಾರಿಗೋ ದಾರಿ ಮಾಡಿಕೊಟ್ಟಿತು.

"ಸರಿ ಸಾರ್, ಈಗ ಬೇಡ, ಮುಂದೆ ಹೊಸ ಫ್ಲ್ಯಾಗ್ ಬಂದಾಗ ಪರೀಕ್ಷೆ ಸೇರಿಸಿದ್ರಾಯ್ತು" ಅಂತಲೂ ಹುಡುಗ ಹೇಳಿದ. ಆಗಲ್ಲ ಮಾರಾಯ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಬಳಕೆದಾರರ ಪ್ರೋಗ್ರಾಮ್ ಮುರಿಯಬಾರದು ಅನ್ನೋದು ಲಿನಸ್ ಟೋರ್ವಾಲ್ಡ್ಸ್ ಎಷ್ಟೋ ಸಲ, ಎಷ್ಟೋ ಜೋರಾಗಿ ಹೇಳಿರೋ ನಿಯಮ. ಹತ್ತು ವರ್ಷ ಕಸ ಕಳಿಸಿ ಯಶಸ್ಸು ಪಡೆದ ಪ್ರೋಗ್ರಾಮ್‌ಗೆ ಇವತ್ತು ಇದ್ದಕ್ಕಿದ್ದಂತೆ ತಪ್ಪು ಅಂದ್ರೆ ಮುರಿದವರು ನಾವೇ. ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ಹಾಗೆ. ಸುಮ್ಮನಿದ್ದೆವು, ಅಂದ್ರೆ ಒಪ್ಪಿದೆವು. ಈಗ ಇಲ್ಲ ಅನ್ನೋ ಹಾಗಿಲ್ಲ. ಹಾಗಾಗಿ ಉಳಿಯೋ ದಾರಿ ಒಂದೇ, ಹೊಸ ಹೆಸರಲ್ಲಿ ಇನ್ನೊಂದು ಕರೆ. ಓಪನ್‌ಅಟ್ ಇದ್ದ ಹಾಗೇ ಇದೆ, ಪಕ್ಕದಲ್ಲಿ 2020ರಲ್ಲಿ 5.6ರ ಜೊತೆ ಓಪನ್‌ಅಟ್2 ಬಂತು. ಇದು ಗೊತ್ತಿಲ್ಲದ ಬಿಟ್ ಕಂಡ್ರೆ ಕಡ್ಡಾಯವಾಗಿ ತಿರಸ್ಕರಿಸುತ್ತೆ. ತಿರಸ್ಕರಿಸಲೇಬೇಕು ಕೂಡ. ಈ ಡೈರೆಕ್ಟರಿಯ ಆಚೆ ಹೋಗಬೇಡ, ಸಿಂಬಾಲಿಕ್ ಲಿಂಕ್ ಹಿಂಬಾಲಿಸಬೇಡ ಅಂತೆಲ್ಲ ಹೇಳೋ ಫ್ಲ್ಯಾಗ್‌ಗಳು ಅದರಲ್ಲಿವೆ. ಅವನ್ನ ಕೇಳಿಸಿಕೊಳ್ಳದ ಹಾಗೆ ನಟಿಸಿದ್ರೆ ಬೇಲಿಯೇ ಇಲ್ಲದ ಹೊಲ.

ಇನ್ನು ಕೆಲವು ಕರೆಗಳಿಗೆ ಫ್ಲ್ಯಾಗ್ಸ್ ಜಾಗವೇ ಇರಲಿಲ್ಲ. ಸಿಗ್ನಲ್‌ಎಫ್‌ಡಿ, ಇವೆಂಟ್‌ಎಫ್‌ಡಿ ಅನ್ನೋ ಎರಡು ಕರೆಗಳು 2007ರಲ್ಲಿ ಬಂದವು. 2008ರ ಅಕ್ಟೋಬರ್‌ನಲ್ಲಿ 2.6.27 ಬರೋ ಹೊತ್ತಿಗೆ ಅವಕ್ಕೆ ಸಿಗ್ನಲ್‌ಎಫ್‌ಡಿ4, ಇವೆಂಟ್‌ಎಫ್‌ಡಿ2 ಅಂತ ತಮ್ಮಂದಿರು ಹುಟ್ಟಿದ್ರು. ಜೊತೆಗೆ ಪೈಪ್2, ಡಪ್3, ಈಪೋಲ್-ಕ್ರಿಯೇಟ್1, ಐನೋಟಿಫೈ-ಇನಿಟ್1. ಒಂದೇ ಬಾಣಂತನದಲ್ಲಿ ಆರು :) ಅಂದ್ಹಾಗೆ ಆ ಸಂಖ್ಯೆಗಳು ಆವೃತ್ತಿಯವಲ್ಲ, ಕರೆ ತಗೊಳ್ಳೋ ಆರ್ಗ್ಯುಮೆಂಟ್‌ಗಳ ಎಣಿಕೆ. ಡಪ್3 ಅಂದ್ರೆ ಮೂರು. ಆದ್ರೆ ಓಪನ್‌ಅಟ್2ರಲ್ಲಿ ಆ ಲೆಕ್ಕ ತಪ್ಪುತ್ತೆ, ಅದು ನಾಲ್ಕು ತಗೊಳ್ಳುತ್ತೆ. ಹೆಸರಿಡೋದ್ರಲ್ಲಿ ನಮ್ಮವರು ಯಾವತ್ತೂ ಅಷ್ಟಕ್ಕಷ್ಟೇ.

ಈಗ ನನ್ನ ಸ್ವಂತ ಕಥೆ. ಇದನ್ನ ಹುಡುಗನಿಗೆ ಹೇಳಿರಲಿಲ್ಲ, ಹೇಳೋಕೆ ಸಂಕೋಚ.

ನಾನು ಹಿಂದೆ ಕೆಲಸ ಮಾಡ್ತಿದ್ದ ಕಡೆ ಅಳತೆ ದಾಖಲಿಸೋ ಒಂದು ಕಾರ್ಡ್‌ಗೆ ಡ್ರೈವರ್ ಬರೆದಿದ್ದೆ. ಒಂದು ಐಆಕ್ಟಲ್, ಅದರಲ್ಲೊಂದು ಸ್ಟ್ರಕ್ಚರ್, ಅದರಲ್ಲೊಂದು ಫ್ಲ್ಯಾಗ್ಸ್. ಎರಡೇ ಬಿಟ್ ಬಳಕೆಯಲ್ಲಿತ್ತು. ಮಿಕ್ಕಿದ್ದನ್ನ ನೋಡ್ತಿರಲಿಲ್ಲ. ನಾಲ್ಕು ವರ್ಷ ಚೆನ್ನಾಗಿ ನಡೀತು. ಆಮೇಲೆ ಒಂದು ಹೊಸ ಸೌಲಭ್ಯ ಬೇಕಾಯ್ತು. ಓದಿ ಮುಗಿದ ಮೇಲೆ ಬಫರ್‌ನಲ್ಲಿ ಉಳಿದದ್ದನ್ನ ಎಸೆದುಬಿಡು ಅನ್ನೋ ಫ್ಲ್ಯಾಗ್. ಮೂರನೇ ಬಿಟ್ ಕೊಟ್ಟೆ. ಸಂಜೆ ಕಾಫಿಗೆ ಮುಂಚೆ ಮುಗಿದ ಕೆಲಸ.

ಕೆಲವು ವಾರಗಳ ನಂತರ ಒಬ್ಬ ಗ್ರಾಹಕರಿಂದ ದೂರು. ಅವರ ಪ್ರಯೋಗಶಾಲೆಯಲ್ಲಿ ಒಂದು ಪಂಪನ್ನ ಮೂರು ತಿಂಗಳು ನಿಲ್ಲಿಸದೆ ಓಡಿಸಿ ಪರೀಕ್ಷೆ ಮಾಡ್ತಿದ್ರು. ಕೆಲವು ರಾತ್ರಿಗಳ ಕೊನೆಯ ಅಳತೆಗಳು ಇರಲೇ ಇಲ್ಲ. ಎಲ್ಲ ರಾತ್ರಿಯೂ ಅಲ್ಲ, ಕೆಲವು ಮಾತ್ರ. ನಮ್ಮ ಕಡೆ ಎಷ್ಟು ಓಡಿಸಿದ್ರೂ ತಪ್ಪು ಕಾಣಲ್ಲ. ಕೇಬಲ್ ಬದಲಾಯಿಸಿದೆವು, ಕಾರ್ಡ್ ಬದಲಾಯಿಸಿದೆವು, ಅವರ ವಿದ್ಯುತ್ತನ್ನ ಅನುಮಾನಿಸಿದೆವು. ಹನ್ನೊಂದು ದಿನ ಆದ ಮೇಲೆ ಅವರ ಪ್ರೋಗ್ರಾಮಿನ ಮೂಲ ನೋಡೋಕೆ ಸಿಕ್ತು. ಆ ಸ್ಟ್ರಕ್ಚರನ್ನ ಸ್ಟ್ಯಾಕ್ ಮೇಲೆ ಘೋಷಿಸಿದ್ರು, ಸೊನ್ನೆ ಮಾಡಿರಲಿಲ್ಲ, ತಮಗೆ ಬೇಕಾದ ಬಿಟ್ಟನ್ನ ಮಾತ್ರ ಮೇಲಿಂದ ಸೇರಿಸಿದ್ರು. ಅಂದ್ರೆ ಮಿಕ್ಕ ಮೂವತ್ತೊಂದು ಬಿಟ್‌ಗಳಲ್ಲಿ ಹಿಂದಿನ ಫಂಕ್ಷನ್ ಬಿಟ್ಟುಹೋದ ಕಸ. ನಾಲ್ಕು ವರ್ಷ ಆ ಕಸ ಕಳಿಸಿದ್ರು, ನಾಲ್ಕು ವರ್ಷ ನನ್ನ ಡ್ರೈವರ್ "ಇರ್ಲಿ ಬಿಡಿ" ಅಂದಿತ್ತು. ಈಗ ಆ ಕಸದಲ್ಲಿ ಒಂದು ಬಿಟ್ಟಿಗೆ "ಎಸೆದುಬಿಡು" ಅಂತ ಅರ್ಥ ಬಂದಿತ್ತು.

ತಪ್ಪು ಅವರದ್ದು ಅಂತ ಹೇಳಬಹುದಿತ್ತು. ಒಬ್ಬರು ಹೇಳಿದ್ರು ಕೂಡ. ಆದ್ರೆ ಅವರು ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ: "ತಪ್ಪಾಗಿದ್ರೆ ಮೊದಲನೇ ದಿನವೇ ಯಾಕೆ ಹೇಳಲಿಲ್ಲ?" ಉತ್ತರ ಇರಲಿಲ್ಲ. ಒಂದು ಸಾಲು ನಾನು ಬರೆದಿದ್ರೆ ಆ ಪ್ರೋಗ್ರಾಮ್ ಬರೆದವನು ಮೊದಲ ದಿನವೇ, ತನ್ನ ಮೇಜಿನ ಮುಂದೆಯೇ, ಎರಡು ನಿಮಿಷದಲ್ಲಿ ಸರಿ ಮಾಡ್ಕೊಳ್ತಿದ್ದ. ಆ ಅಳತೆಗಳು ವಾಪಸ್ ಬರಲಿಲ್ಲ. ಪರೀಕ್ಷೆ ಮತ್ತೆ ಮೊದಲಿಂದ ಶುರುವಾಯ್ತು. ನಾನು ಮೂರನೇ ಬಿಟ್ಟನ್ನ ಹಿಂತೆಗೆದುಕೊಂಡು, ಪರೀಕ್ಷೆ ಇರೋ ಎರಡನೇ ಐಆಕ್ಟಲ್ ಒಂದನ್ನ ಬರೆದೆ. ಹಳೇದನ್ನ ತೆಗೆಯೋ ಹಾಗಿಲ್ಲ, ಬೇರೆ ಯಾರು ಏನು ಕಳಿಸ್ತಿದ್ದಾರೋ ಯಾರಿಗೆ ಗೊತ್ತು!

ಈಗ ಎದುರು ವಾದಗಳಿಗೆ ಬರೋಣ, ಅವೂ ಪೊಳ್ಳೇನಲ್ಲ.

ಮೊದಲನೇದು ಜಾನ್ ಪೋಸ್ಟೆಲ್ ಅವರದ್ದು. ಕಳಿಸುವಾಗ ಶಿಸ್ತಾಗಿರು, ತಗೊಳ್ಳುವಾಗ ಧಾರಾಳವಾಗಿರು ಅನ್ನೋ ಅರ್ಥದ ಮಾತನ್ನ ಅವರು 1980ರ ಟಿಸಿಪಿ ದಾಖಲೆಯಲ್ಲಿ ಬರೆದ್ರು. ಇಂಟರ್ನೆಟ್ ಬೆಳೆದಿದ್ದೇ ಆ ಧಾರಾಳತನದಿಂದ ಅಂತಾರೆ. ಇರಬಹುದು. ಊರೂರಿನ ಯಂತ್ರಗಳು ಒಂದನ್ನೊಂದು ಮಾತಾಡಿಸೋಕೆ ಕಲೀತಿದ್ದ ಕಾಲ ಅದು. ಆದ್ರೆ ಆ ಧಾರಾಳತನದ ಸಾಲ ತೀರಿಸೋರು ಮುಂದಿನವರು. ಇಂಟರ್ನೆಟ್ ಮಾನದಂಡಗಳ ಜನರೇ 2023ರಲ್ಲಿ ಆ ಸೂತ್ರದ ದುಷ್ಪರಿಣಾಮಗಳ ಬಗ್ಗೆ ಒಂದು ಇಡೀ ಆರ್‌ಎಫ್‌ಸಿ ಪ್ರಕಟಿಸಿದ್ರು, ಸಂಖ್ಯೆ 9413.

ಎರಡನೇದು, ಹೊಸ ಪ್ರೋಗ್ರಾಮ್ ಹಳೇ ಕರ್ನೆಲ್ ಮೇಲೂ ಹೇಗೋ ಓಡಲಿ, ಗೊತ್ತಿಲ್ಲದ್ದನ್ನ ಬಿಟ್ಟು ಉಳಿದದ್ದು ಮಾಡಲಿ ಅನ್ನೋದು. ಬರೀ ಸಲಹೆಯಂಥ ಫ್ಲ್ಯಾಗ್ ಆದ್ರೆ ಇದು ಒಪ್ಪೋ ಮಾತೇ. ಆದ್ರೆ ಒಂದು ಬಿಟ್ ಸಲಹೆಯೋ ಷರತ್ತೋ ಅಂತ ಗೊತ್ತಿರೋದು ಕೇಳಿದವನಿಗೆ. ಆ ಬಿಟ್ಟಿನ ಹೆಸರೇ ಗೊತ್ತಿಲ್ಲದ ಕರ್ನೆಲ್‌ಗೆ ಹೇಗೆ ಗೊತ್ತಾಗಬೇಕು? ಇಲ್ಲ ಅಂತ ಹೇಳಿದ್ರೆ ಕೇಳಿದವನು ಆ ಬಿಟ್ ತೆಗೆದು ಮತ್ತೆ ಕೇಳ್ತಾನೆ, ಇಲ್ಲಾಂದ್ರೆ ಕೆಲಸ ನಿಲ್ಲಿಸ್ತಾನೆ. ತೀರ್ಮಾನ ಅವನ ಕೈಲಿರುತ್ತೆ. ಹೂಂ ಅಂದುಬಿಟ್ರೆ ಅವನಿಗೆ ತೀರ್ಮಾನಕ್ಕೇ ಅವಕಾಶ ಇಲ್ಲ.

ಮೂರನೇದು ನಾನು ಪೂರ್ತಿ ಒಪ್ಪೋ ದೂರು. ಇ-ಇನ್‌ವಾಲ್ ಅನ್ನೋ ತಪ್ಪಿನ ಸಂಖ್ಯೆಯಿಂದ ಏನೂ ತಿಳಿಯಲ್ಲ. ಏನೋ ಸರಿಯಿಲ್ಲ ಅಂತ ಗೊತ್ತಾಗುತ್ತೆ, ಫ್ಲ್ಯಾಗೋ ಉದ್ದವೋ ವಿಳಾಸವೋ ಗೊತ್ತಾಗಲ್ಲ. ಡಾಕ್ಟರ್ ಹತ್ರ ಹೋದ್ರೆ "ನಿಮಗೆ ಹುಷಾರಿಲ್ಲ" ಅಂತ ಹೇಳಿ ಕಳಿಸಿದ ಹಾಗೆ. ಇದನ್ನ ಸುಧಾರಿಸಬೇಕು, ನಿಜ. ಆದ್ರೆ ಅರೆಬರೆ ಉತ್ತರ ಕೂಡ ಸುಳ್ಳು ಉತ್ತರಕ್ಕಿಂತ ಮೇಲು.

ನಿಧಾನ ಆಗುತ್ತೆ ಅನ್ನೋರಿಗೆ ಏನೂ ಹೇಳಲ್ಲ. ಒಂದು ಆ್ಯಂಡ್, ಒಂದು ಜಂಪ್. ಅಷ್ಟೇ.

ಇದು ಸಾಫ್ಟ್‌ವೇರಿನವರ ರೋಗ ಮಾತ್ರ ಅಂದ್ಕೋಬೇಡಿ. 1984ರ ಮೊದಲ ಮ್ಯಾಕಿಂಟಾಷ್‌ನಲ್ಲಿದ್ದ ಮೋಟೊರೋಲಾ 68000 ಚಿಪ್ಪಿನಲ್ಲಿ ವಿಳಾಸದ ರಿಜಿಸ್ಟರ್ 32 ಬಿಟ್, ಹೊರಗೆ ಹೋಗೋದು 24 ಮಾತ್ರ. ಮೇಲಿನ ಎಂಟನ್ನ ಚಿಪ್ ನೋಡ್ತಲೇ ಇರಲಿಲ್ಲ. ಮೆಮೊರಿ ಸಾಲದ ಆ ಕಾಲದಲ್ಲಿ ಖಾಲಿ ಜಾಗ ಬಿಡೋರು ಯಾರು? ಆಪಲ್‌ನವರೇ ಅಲ್ಲಿ ತಮ್ಮ ಗುರುತುಗಳನ್ನ ಇಟ್ಕೊಂಡ್ರು. ಮುಂದೆ ಪೂರ್ತಿ 32 ಬಿಟ್ ವಿಳಾಸದ ಚಿಪ್‌ಗಳು ಬಂದಾಗ ಆ ಗುರುತುಗಳೆಲ್ಲ ವಿಳಾಸದ ಭಾಗ ಆಗಿಬಿಟ್ವು. ಮ್ಯಾಕ್ 2, ಎಸ್‌ಇ/30 ಮುಂತಾದವುಗಳ ರಾಮ್ ಚಿಪ್‌ನಲ್ಲೇ ಈ ದೋಷ ಇತ್ತು. 1991ರಲ್ಲಿ ಸಿಸ್ಟಮ್ 7 ಬಂದಾಗ ಅದಕ್ಕೆ ಮೋಡ್32 ಅನ್ನೋ ತೇಪೆ ಬೇಕಾಯ್ತು. 2003ರಲ್ಲಿ ಎಎಮ್‌ಡಿಯ 64 ಬಿಟ್ ಆಪ್ಟೆರಾನ್ ಬಂದಾಗ ಅದರಲ್ಲೂ ಬಳಕೆಯಲ್ಲಿದ್ದಿದ್ದು 48 ಬಿಟ್ ವಿಳಾಸವೇ. ಆದ್ರೆ ಮೇಲಿನ ಬಿಟ್‌ಗಳಲ್ಲಿ ಏನಾದ್ರೂ ಗೀಚಿ ಆ ವಿಳಾಸ ಬಳಸಿದ್ರೆ ಚಿಪ್ಪೇ ತಪ್ಪು ಅಂತ ಕೂಗುತ್ತೆ. ಮುಂದೆ ವಿಳಾಸ ದೊಡ್ಡದಾದಾಗ ಜಾಗ ಖಾಲಿ ಇರಲಿ ಅಂತ. ಮೊದಲನೇ ಗುಮಾಸ್ತ!

ಲಿನಕ್ಸಿನವರೂ ಕಲಿತಿದ್ದಾರೆ. ಹೊಸ ಸಿಸ್ಟಮ್ ಕಾಲ್ ಸೇರಿಸೋರಿಗಾಗಿ ಕರ್ನೆಲ್ ಜೊತೆಗೇ ಇರೋ ದಾಖಲೆಯಲ್ಲಿ ಫ್ಲ್ಯಾಗ್ಸ್ ಇಟ್ಕೊಳ್ಳಿ, ಗೊತ್ತಿಲ್ಲದ ಬಿಟ್ ಬಂದ್ರೆ ಇ-ಇನ್‌ವಾಲ್ ಕೊಡಿ ಅಂತ ಸ್ಪಷ್ಟವಾಗಿ ಬರೆದಿದೆ. ಐಆಕ್ಟಲ್ ಬರೆಯೋರಿಗೆ ಡೇನಿಯಲ್ ವೆಟ್ಟರ್ 2013ರಲ್ಲಿ ಬರೆದದ್ದು ಕೂಡ ಅಲ್ಲೇ ಸೇರಿದೆ. ಫ್ಲ್ಯಾಗ್ ಮಾತ್ರ ಅಲ್ಲ, ಬಳಸದ ಜಾಗ, ನಡುವಿನ ಪ್ಯಾಡಿಂಗ್ ಎಲ್ಲ ಸೊನ್ನೆ ಇದ್ಯಾ ನೋಡಿ, ಇಲ್ಲದಿದ್ರೆ ತಿರಸ್ಕರಿಸಿ ಅಂತಾರೆ ಅವರು. ನನ್ನದೊಂದು ಸೇರ್ಪಡೆ: ಆ ತಿರಸ್ಕಾರಕ್ಕೂ ಒಂದು ಟೆಸ್ಟ್ ಬರೆಯಿರಿ. ಒಂದಲ್ಲ ಒಂದು ದಿನ ಯಾರೋ ಬಂದು "ಈ ಸಾಲು ಯಾಕಿದೆ, ಏನೂ ಮಾಡ್ತಿಲ್ವಲ್ಲ" ಅಂತ ಅಳಿಸಿಬಿಡ್ತಾರೆ.

ಆದ್ರೆ ದಾಖಲೆ ಇದ್ದ ಮಾತ್ರಕ್ಕೆ ಆಗಲ್ಲ. ಸಿಸ್ಟಮ್ ಕಾಲ್ ಸೇರಿಸುವಾಗ ಹತ್ತು ಜನ ನೋಡ್ತಾರೆ. ಯಾವುದೋ ಕಾರ್ಖಾನೆಯ ಯಾವುದೋ ಕಾರ್ಡಿನ ಐಆಕ್ಟಲ್ ನೋಡೋರು ನಮ್ಮಂಥವರು ಒಬ್ಬಿಬ್ಬರು. ಅಲ್ಲೇ ಈ ಜಗಳ ಆಡಬೇಕು, ಅಲ್ಲೇ ಆ ಒಂದು ಸಾಲಿಗೆ ಹಠ ಹಿಡೀಬೇಕು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನೋದು ಒರಟುತನ ಅಲ್ಲ. ಗೊತ್ತಿಲ್ಲದೆ ಹೂಂ ಅನ್ನೋದು ಸೌಜನ್ಯವೂ ಅಲ್ಲ.

ಹುಡುಗ, ಓದಿದ್ಯಾ? ಆ ಪಂಪಿನ ಕಥೆ ಮೊದಲೇ ಹೇಳಿದ್ರೆ ಅರ್ಧ ಗಂಟೆ ಉಳೀತಿತ್ತೇನೋ. ನನ್ನ ತಪ್ಪು. ಇನ್ನೂ ಒಪ್ಪಿಗೆ ಇಲ್ಲದಿದ್ರೆ ಸೋಮವಾರ ಕಾಫಿ ಕುಡೀತಾ ಮಾತಾಡೋಣ, ಬಿಲ್ಲು ನನ್ನದು. ಸುಮ್ಮನೆ ಮಾತ್ರ ಇರಬೇಡ. ಒಪ್ಪಿಕೊಂಡೆ ಅಂತ ತಿಳ್ಕೊಂಡುಬಿಡ್ತೀನಿ :)